ಎಣ್ಣೆ ಮುಖ, ಮೊಡವೆ, ಕಲಬುರಗಿ ಬಿಸಿಲು: ಯಾವುದರ ಮೇಲೆ ಯಾವುದು ಹಚ್ಚಬೇಕು?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮೊಬೈಲ್‌ನಲ್ಲಿ ನೋಡಿದ, ಮುಖಕ್ಕೆ ಒಂದರ ಮೇಲೊಂದು ಹತ್ತು ಪದರ ಹಚ್ಚುವ ಕೊರಿಯನ್ ಪದ್ಧತಿ ಮಾಡಿಕೊಂಡು ಆ ಬಿಸಿಲಲ್ಲಿ ಸೂಪರ್ ಮಾರ್ಕೆಟ್ ಕಡೆ ಹೊರಟರೆ, ಜಗತ್ ಸರ್ಕಲ್ ದಾಟುವಷ್ಟರಲ್ಲಿ ಟೋನರ್, ಎಸೆನ್ಸ್, ಸೀರಮ್ ಎಲ್ಲ ಬೆವರಿನ ಜೊತೆ ಕುತ್ತಿಗೆಗೆ ಇಳಿದಿರುತ್ತದೆ. ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುವ ಊರಿನ ಒಣ ಚರ್ಮಕ್ಕೆ ಅಷ್ಟು ಪದರ ಹಿತವಾಗಿರಬಹುದು. ನಮ್ಮ ಕಡೆಯ ಎಣ್ಣೆ ಮುಖಕ್ಕೆ ಬೆಳಿಗ್ಗೆ ಮೂರು, ರಾತ್ರಿ ಮೂರು ಸಾಕು. ನಾಲ್ಕನೆಯದು ಬೇಕೆಂದರೆ ಅದಕ್ಕೊಂದು ಕಾರಣ ಇರಬೇಕು.

"ಎಲ್ಲಾ ಹಚ್ಚೀನ್ರೀ, ಆದ್ರೂ ಗುಳ್ಳಿ ಹ್ಯಾಂಗ ಬರ್ತಾವ?" ಅಂತ ಕೇಳುವವರು ಬಹಳ. ಹೆಚ್ಚಿನ ಸಲ ಉತ್ತರ ಆ "ಎಲ್ಲಾ" ಅನ್ನುವುದರಲ್ಲೇ ಇರುತ್ತದೆ. ಒಳ್ಳೆಯ ವಸ್ತುಗಳನ್ನೇ ತಂದಿರುತ್ತಾರೆ. ಒಂದೇ ರಾತ್ರಿ ಎಲ್ಲವನ್ನೂ ಹಚ್ಚಿ ಚರ್ಮ ಸುಟ್ಟುಕೊಂಡಿರುತ್ತಾರೆ.

ಮೊಡವೆ ಯಾಕೆ ಬರುತ್ತದೆ, ಎರಡು ಮಾತಲ್ಲಿ

ಚರ್ಮದ ರಂಧ್ರದೊಳಗೆ ಎಣ್ಣೆ ಜಾಸ್ತಿ ತಯಾರಾಗುತ್ತದೆ. ಸತ್ತ ಜೀವಕೋಶಗಳು ಅದರ ಜೊತೆ ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆಮೇಲೆ ಕೆಂಪಾಗಿ ಊದಿಕೊಳ್ಳುತ್ತದೆ. ಹರೆಯದಲ್ಲಿ ಹಾರ್ಮೋನು ಎಣ್ಣೆಯನ್ನು ಹೆಚ್ಚಿಸುತ್ತದೆ. ಮುಖ ಗಲೀಜಾಗಿರುವುದಕ್ಕೆ ಮೊಡವೆ ಬರುತ್ತದೆ ಅನ್ನುವುದು ಸುಳ್ಳು. ದಿನಕ್ಕೆ ಆರು ಸಲ ಉಜ್ಜಿ ತೊಳೆದರೆ ಅದು ಹೋಗುವುದಿಲ್ಲ. ಪ್ರತಿ ಔಷಧಿಯೂ ಈ ಸರಪಳಿಯ ಒಂದೋ ಎರಡೋ ಕೊಂಡಿ ಹಿಡಿದು ಕೆಲಸ ಮಾಡುತ್ತದೆ. ಅದಕ್ಕೇ ಕೆಲವನ್ನು ಜೋಡಿ ಮಾಡಬೇಕಾಗುತ್ತದೆ.

ಮೊದಲು ತೆಗೆದುಹಾಕುವುದು

ಹೊಸದು ತರುವ ಮುಂಚೆ ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಮುಂದಿಟ್ಟುಕೊಂಡು ಹಿಂದಿನ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಮುಖ ಬೆಳ್ಳಗಾಗುತ್ತದೆ, ಮೊಡವೆ ಹೋಗುತ್ತದೆ ಅಂತ ಪಕ್ಕದ ಮನೆಯವರೋ ಅಂಗಡಿಯವರೋ ಕೊಟ್ಟಿರುತ್ತಾರೆ. ಮೊದಲ ವಾರ ನಿಜಕ್ಕೂ ಮುಖ ನಯವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರ ಕಾಣಿಸಿಕೊಂಡು, ಮೊಡವೆ ಇಮ್ಮಡಿಯಾಗಿ ಬರುತ್ತದೆ. ಇಂಥ 14 ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ತಂದಿದೆ. ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಮುಖ ಉರಿದು ಕೆರಳುತ್ತದೆ. ಅದನ್ನು ಬಿಡಿಸುವುದು ಚರ್ಮದ ಡಾಕ್ಟರ ಕೆಲಸ.

ಲಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಮೂರನ್ನೂ ಮುಖದಿಂದ ದೂರ ಇಡಿ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಅಷ್ಟು ಕೆಟ್ಟವಲ್ಲ. ಆದರೆ ಕೆಳಗೆ ಹೇಳುವ ಔಷಧಿ ಹಚ್ಚುತ್ತಿರುವಾಗ ಅವನ್ನು ಉಜ್ಜಿದರೆ ಚರ್ಮ ಕೆರೆದು ಉರಿಯುತ್ತದೆ.

ಇನ್ನು ತಲೆಗೆ ಹಾಕುವ ಎಣ್ಣೆ. ಹಣೆ ತುಂಬ ಸಣ್ಣ ಗುಳ್ಳೆ ಇದ್ದು ಕೆನ್ನೆ ಚೆನ್ನಾಗಿದ್ದರೆ ಮೊದಲ ಅನುಮಾನ ಕೊಬ್ಬರಿ ಎಣ್ಣೆಯ ಮೇಲೆ. ಅಮ್ಮನ ಜೊತೆ ಜಗಳ ಬೇಡ. ತಲೆಸ್ನಾನಕ್ಕೆ ಒಂದು ತಾಸು ಮುಂಚೆ ಹಚ್ಚಿಸಿಕೊಂಡು ತೊಳೆದುಬಿಡಿ, ಎಣ್ಣೆ ತಲೆಯಲ್ಲಿ ಮಲಗಬೇಡಿ. ಸ್ಕೂಟಿ ಮೇಲೆ ಹೋಗುವಾಗ ಮುಖಕ್ಕೆ ಸುತ್ತುವ ಸ್ಕಾರ್ಫ್ ದಿನಾ ಒಗೆಯಿರಿ. ಹೆಲ್ಮೆಟ್ ಪಟ್ಟಿ ತಿಕ್ಕುವ ಗದ್ದದ ಜಾಗದಲ್ಲೂ ಮೊಡವೆ ಏಳುತ್ತದೆ, ಪಟ್ಟಿಯನ್ನೂ ಒರೆಸಿ.

ನೀರು ಮತ್ತು ಫೇಸ್‌ವಾಶ್

ನಮ್ಮಲ್ಲಿ ಬಹಳ ಮನೆಗಳಿಗೆ ಬೋರ್ ನೀರೇ ಗತಿ. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ. ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ. ಬಕೆಟ್ ಅಂಚಿಗೆ ಕೂರುವ ಆ ಜಿಡ್ಡು ಮುಖದ ಮೇಲೂ ಕೂರುತ್ತದೆ. ಮೇಲಾಗಿ ಸಾಮಾನ್ಯ ಸೋಪಿನ ಪಿಎಚ್ (ಹುಳಿ, ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಆಸುಪಾಸು. ಹಾಗಾಗಿ ಸೋಪು ಬಿಟ್ಟು ಜೆಲ್ ರೂಪದ ಫೇಸ್‌ವಾಶ್ ತಗೊಳ್ಳಿ. ಅದರಲ್ಲಿರುವ ತೊಳೆಯುವ ಪದಾರ್ಥ ಬೇರೆ, ಗಡಸು ನೀರಲ್ಲೂ ಜಿಡ್ಡು ಕಟ್ಟುವುದಿಲ್ಲ. ತೊಳೆದ ಮೇಲೆ ಚರ್ಮ ಬಿಗಿದು ಕಿರುಗುಟ್ಟಿದರೆ ಫೇಸ್‌ವಾಶ್ ಖಾರವಾಯಿತು ಅಂತ ಅರ್ಥ, ಬದಲಾಯಿಸಿ.

ದಿನಕ್ಕೆ ಎರಡು ಸಲ ಸಾಕು. ನಡುವೆ ಬೆವರಿದರೆ ಬರೀ ನೀರು. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನದ ಮೇಲೆ ಕಾದಿರುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಆ ಬಿಸಿನೀರನ್ನು ಮುಖಕ್ಕೆ ಹೊಡೆಯಬೇಡಿ. ಬೆಳಿಗ್ಗೆಯೇ ಒಂದು ಬಕೆಟ್ ತುಂಬಿ ನೆರಳಲ್ಲಿಟ್ಟುಕೊಳ್ಳಿ.

ರಾತ್ರಿ ಒಂದು ಸಲ ತೊಳೆದರೆ ಸನ್‌ಸ್ಕ್ರೀನ್ ಹೋಗುತ್ತದಾ? ಸಾದಾ ಸನ್‌ಸ್ಕ್ರೀನ್ ಆದರೆ ಒಂದು ನಿಮಿಷ ಬೆರಳಲ್ಲಿ ಮೆಲ್ಲಗೆ ತೀಡಿ ತೊಳೆದರೆ ಹೋಗುತ್ತದೆ. ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಅಥವಾ ಮೇಕಪ್ ಇದ್ದರೆ ಮೊದಲು ಮೈಸೆಲ್ಲರ್ ವಾಟರ್ (ಮೇಕಪ್ ಒರೆಸುವ ನೀರಿನಂಥ ದ್ರವ) ಹಾಕಿದ ಹತ್ತಿಯಿಂದ ಒರೆಸಿ, ಆಮೇಲೆ ಫೇಸ್‌ವಾಶ್.

ಪದರದ ನಿಯಮ

ತೆಳ್ಳಗಿರುವುದು ಮೊದಲು, ದಪ್ಪಗಿರುವುದು ಆಮೇಲೆ. ನೀರಿನಂಥ ಸೀರಮ್, ಅದರ ಮೇಲೆ ಜೆಲ್, ಅದರ ಮೇಲೆ ಕ್ರೀಮ್. ದಪ್ಪನೆಯದನ್ನು ಮೊದಲು ಬಳಿದರೆ ತೆಳ್ಳಗಿನದು ಸರಿಯಾಗಿ ಒಳಗಿಳಿಯುವುದಿಲ್ಲ. ಬೆಳಿಗ್ಗೆ ಕೊನೆಯ ಪದರ ಯಾವಾಗಲೂ ಸನ್‌ಸ್ಕ್ರೀನ್, ಅದು ಎಷ್ಟೇ ತೆಳ್ಳಗಿರಲಿ. ಅದರ ಮೇಲೆ ಬರುವುದು ಮೇಕಪ್ ಮಾತ್ರ.

ಈ ನಿಯಮ ಮುರಿಯುವ ಒಂದು ಸಂದರ್ಭ ಇದೆ. ಉರಿ ತರುವ ಔಷಧಿಯ ಕೆಳಗೆ ಬೇಕಂತಲೇ ಮಾಯಿಶ್ಚರೈಸರ್ ಹಚ್ಚುವುದು. ರಾತ್ರಿಯ ಭಾಗದಲ್ಲಿ ಅದು ಬರುತ್ತದೆ.

ಕಾಯುವುದು ಎಷ್ಟು ಹೊತ್ತು? ಪ್ರತಿ ಪದರಕ್ಕೆ ಅರ್ಧ ತಾಸು ಕಾಯಬೇಕು ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಮುಟ್ಟಿದರೆ ಒದ್ದೆ ಅನ್ನಿಸದಿದ್ದರೆ ಮುಂದಿನದು ಹಚ್ಚಬಹುದು. ಒಂದೆರಡು ನಿಮಿಷ ಅಷ್ಟೇ. ರಾತ್ರಿ ಹಚ್ಚುವ ಮೊಡವೆ ಔಷಧಿಗಳಾದ ಅಡಾಪಲೀನ್, ಟ್ರೆಟಿನಾಯಿನ್ ಮಾತ್ರ ಪೂರ್ತಿ ಒಣಗಿದ ಮುಖಕ್ಕೇ ಬೇಕು. ಒದ್ದೆ ಚರ್ಮದಲ್ಲಿ ಅವು ಜಾಸ್ತಿ ಇಳಿದು ಉರಿಸುತ್ತವೆ.

ಬೆಳಿಗ್ಗೆ

ಮುಖ ತೊಳೆದು ಟವೆಲಿನಿಂದ ಒತ್ತಿ ಒರೆಸಿ, ತಿಕ್ಕಬೇಡಿ.

ಆಮೇಲೆ ಬೇಕಿದ್ದರೆ ನಿಯಾಸಿನಮೈಡ್ ಸೀರಮ್, ಶೇ. 4 ಅಥವಾ 5ರದ್ದು. ಎಣ್ಣೆ ಸ್ವಲ್ಪ ತಗ್ಗುತ್ತದೆ, ಕಲೆ ನಿಧಾನ ತಿಳಿಯಾಗುತ್ತದೆ, ಹೆಚ್ಚಿನವರಿಗೆ ಉರಿಯುವುದಿಲ್ಲ. ಶೇ. 10ರದ್ದು ಇಮ್ಮಡಿ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ, ಕೆಲವರಿಗೆ ಅದರಿಂದಲೇ ಮುಖ ಕೆಂಪಾಗುತ್ತದೆ. ವಿಟಮಿನ್ ಸಿ? ಎಣ್ಣೆ ಮುಖ, ಮೊಡವೆ ಇರುವವರಿಗೆ ನಾನು ಮೊದಲ ಆರು ತಿಂಗಳು ಅದನ್ನು ಹೇಳುವುದೇ ಇಲ್ಲ. ದುಬಾರಿ, ಬಿಸಿಗೆ ಬೇಗ ಕೆಡುತ್ತದೆ, ಅದಕ್ಕಿಂತ ಅಗತ್ಯದ್ದು ಬೇರೆ ಇದೆ. ಇದ್ದರೆ ಮಾತ್ರ ನಿಯಾಸಿನಮೈಡ್ ಜೊತೆ ಹಚ್ಚಬಾರದು ಅನ್ನುವ ಹಳೆಯ ಹೆದರಿಕೆ ಬಿಡಿ, ಎರಡೂ ಜೊತೆಗಿರಬಹುದು.

ಮೂರನೆಯದು ಮಾಯಿಶ್ಚರೈಸರ್. ಎಣ್ಣೆ ಮುಖಕ್ಕೆ ಇದು ಬೇಡ ಅಂತ ಬಿಟ್ಟವರೇ ಜಾಸ್ತಿ. ಎಣ್ಣೆ ಬೇರೆ, ತೇವ ಬೇರೆ. ಮೊಡವೆ ಔಷಧಿಗಳು ಚರ್ಮದ ತೇವ ಕಸಿಯುತ್ತವೆ, ಅದನ್ನು ತುಂಬಿಕೊಡದಿದ್ದರೆ ಸಿಪ್ಪೆ ಏಳುತ್ತದೆ, ಆಮೇಲೆ ಔಷಧಿಯನ್ನೇ ಬಿಟ್ಟುಬಿಡುತ್ತೀರಿ. ಜೆಲ್ ರೂಪದ್ದು, ಗ್ಲಿಸರಿನ್ ಅಥವಾ ಸೆರಮೈಡ್ (ತೇವ ಹಿಡಿದಿಡುವ ಕೊಬ್ಬಿನಂಶ) ಇರುವುದು, ಡಬ್ಬಿ ಮೇಲೆ "ನಾನ್ ಕಾಮೆಡೋಜೆನಿಕ್", ಅಂದರೆ ರಂಧ್ರ ಮುಚ್ಚದ್ದು, ಅಂತ ಬರೆದಿರುವುದು ನೋಡಿ. ಬೇಸಿಗೆಯಲ್ಲಿ ಸನ್‌ಸ್ಕ್ರೀನೇ ಕ್ರೀಮಿನಂತಿದ್ದರೆ ಬೆಳಗಿನ ಮಾಯಿಶ್ಚರೈಸರ್ ಬಿಡಬಹುದು.

ಕೊನೆಗೆ ಸನ್‌ಸ್ಕ್ರೀನ್. ಮೊಡವೆ ಹೋದ ಮೇಲೆ ಉಳಿಯುವ ಕಂದು ಕಲೆ ನಮ್ಮ ಬಣ್ಣದ ಚರ್ಮದಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಿಸಿಲು ಬಿದ್ದಷ್ಟು ಕಪ್ಪಾಗುತ್ತದೆ. ಕಲೆಗೆ ಸಾವಿರಾರು ರೂಪಾಯಿ ಸೀರಮ್ ತಂದು ಸನ್‌ಸ್ಕ್ರೀನ್ ಬಿಟ್ಟರೆ ದುಡ್ಡು ದಂಡ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ 50, ಜೆಲ್ ಇಲ್ಲವೇ ನೀರಿನಂಥ ಲೋಷನ್. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ಯುವಿಬಿ (ಚರ್ಮ ಸುಡುವ ಬಿಸಿಲಿನ) ಕಿರಣ ತಡೆಯುತ್ತದೆ, 50ರದ್ದು ಶೇ. 98. ಅಂದರೆ ನಂಬರಿಗಿಂತ ಎಷ್ಟು ಹಚ್ಚುತ್ತೀರಿ ಅನ್ನುವುದೇ ಮುಖ್ಯ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿ, ಅಷ್ಟೂ ಮುಖ ಮತ್ತು ಕುತ್ತಿಗೆಗೆ. ಒಮ್ಮೆಲೇ ಬಳಿಯಲು ಕಷ್ಟವಾದರೆ ಒಂದು ಬೆರಳಿನದು ಹಚ್ಚಿ, ನಿಮಿಷ ಬಿಟ್ಟು ಇನ್ನೊಂದು. 50 ಗ್ರಾಂ ಟ್ಯೂಬ್ ದಿನಕ್ಕೊಂದೇ ಸಲ ಹಚ್ಚಿದರೂ ಒಂದೂವರೆ, ಎರಡು ತಿಂಗಳಲ್ಲಿ ಖಾಲಿಯಾಗಬೇಕು. ಆರು ತಿಂಗಳು ಬಂತು ಅಂದರೆ ಸುಮ್ನೆ ಹೆಸರಿಗೆ ಹಚ್ಚುತ್ತಿದ್ದೀರಿ.

ಅಂಗೈಯಲ್ಲಿ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಕಲಸಿ ಹಚ್ಚುವುದು ಬೇಡ. ಸನ್‌ಸ್ಕ್ರೀನ್ ತೆಳುವಾಗಿ ಅದರ ಲೆಕ್ಕವೇ ತಪ್ಪುತ್ತದೆ. ಹೊರಡುವ 15 ನಿಮಿಷ ಮುಂಚೆ ಹಚ್ಚಿ. ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿಗೆ ಬೆಳಿಗ್ಗೆ ಬಸ್ ಹತ್ತುವ ಹುಡುಗರು ಮಧ್ಯಾಹ್ನ ಬಿಸಿಲಿಗಿಳಿಯುವ ಮುಂಚೆ ಇನ್ನೊಮ್ಮೆ ಹಚ್ಚಬೇಕು. ಮೊದಲು ಬೆವರು ಒತ್ತಿ ಒರೆಸಿ, ಬೆವರಿನ ಮೇಲೇ ಬಳಿದರೆ ಗೆರೆ ಗೆರೆ ಆಗುತ್ತದೆ. ಹೊರಗಿದ್ದರೆ ಎರಡು ತಾಸಿಗೊಮ್ಮೆ.

ರಾತ್ರಿ: ನಿಜವಾದ ಕೆಲಸ ಇಲ್ಲಿ

ಮುಖ್ಯ ಔಷಧಿ ಒಂದೇ ಇರಲಿ. ಬರೀ ಕಪ್ಪು, ಬಿಳಿ ತಲೆಯ ಸಣ್ಣ ಗುಳ್ಳೆ, ಮೂಗಿನ ಮೇಲೆ ಕಪ್ಪು ಚುಕ್ಕೆ ಇದ್ದರೆ ಶೇ. 2ರ ಸ್ಯಾಲಿಸಿಲಿಕ್ ಆಸಿಡ್‌ನಿಂದ ಶುರು ಮಾಡಬಹುದು. ಅದು ಎಣ್ಣೆಯಲ್ಲಿ ಕರಗುವ ಆಸಿಡ್, ಹಾಗಾಗಿ ರಂಧ್ರದೊಳಗೆ ಇಳಿದು ಅಂಟು ಬಿಡಿಸುತ್ತದೆ. ವಾರಕ್ಕೆ ಎರಡು ಅಥವಾ ಮೂರು ರಾತ್ರಿ.

ಕೆಂಪಗೆ ಊದಿದ, ಕೀವು ತುಂಬಿದ ಮೊಡವೆ ಇದ್ದರೆ ಅಡಾಪಲೀನ್ ಶೇ. 0.1 ಜೆಲ್ ಮತ್ತು ಬೆಂಝಾಯಿಲ್ ಪೆರಾಕ್ಸೈಡ್ ಶೇ. 2.5 ಜೋಡಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲನೆಯದು ರಂಧ್ರ ಮುಚ್ಚದಂತೆ ನೋಡಿಕೊಳ್ಳುತ್ತದೆ, ಎರಡನೆಯದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಎರಡೂ ಒಂದೇ ಟ್ಯೂಬಿನಲ್ಲಿ ಬರುವುದೂ ಇದೆ. ಡಾಕ್ಟರ ಚೀಟಿ ಮೇಲೇ ತಗೊಳ್ಳಿ.

ಅಡಾಪಲೀನ್ ಹಚ್ಚುವ ಕ್ರಮ ಹೀಗೆ. ಮುಖ ತೊಳೆದು ಹತ್ತು, ಹದಿನೈದು ನಿಮಿಷ ಬಿಡಿ, ಪೂರ್ತಿ ಒಣಗಲಿ. ಕಣ್ಣಿನ ಸುತ್ತ, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆಗೆ ಸ್ವಲ್ಪ ವ್ಯಾಸಲೀನ್ ಒತ್ತಿ, ಮೊದಲು ಉರಿಯುವ ಜಾಗ ಅವೇ. ಇಡೀ ಮುಖಕ್ಕೆ ತೆಳುವಾಗಿ ಮಾಯಿಶ್ಚರೈಸರ್. ಅದು ಆರಿದ ಮೇಲೆ ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆ ಇಟ್ಟು ಎಲ್ಲ ಕಡೆ ಹರಡಿ. ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್. ಚರ್ಮ ಒಗ್ಗಿದ ಮೇಲೆ, ಅಂದರೆ ಒಂದೆರಡು ತಿಂಗಳಿಗೆ, ಕೆಳಗಿನ ಪದರ ಬಿಡಬಹುದು.

ಮೊಡವೆ ಇರುವ ಜಾಗಕ್ಕಷ್ಟೇ ಚುಕ್ಕೆ ಇಟ್ಟು ಮಲಗುವವರು ಬಹಳ. ಅಡಾಪಲೀನ್ ಇನ್ನೂ ಕಾಣದ, ಒಳಗೆ ತಯಾರಾಗುತ್ತಿರುವ ಮೊಡವೆಯನ್ನು ತಡೆಯುವ ಔಷಧಿ. ಮೊಡವೆ ಏಳುವ ಭಾಗಕ್ಕೆಲ್ಲ ಹಚ್ಚಬೇಕು.

ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಸೋಮವಾರ ಗುರುವಾರ ಅಂತಿಟ್ಟುಕೊಳ್ಳಿ. ಉರಿ, ಸಿಪ್ಪೆ ಜಾಸ್ತಿ ಇಲ್ಲದಿದ್ದರೆ ಮುಂದಿನ ಎರಡು ವಾರ ರಾತ್ರಿ ಬಿಟ್ಟು ರಾತ್ರಿ. ಆಮೇಲೆ ತಡೆದರೆ ದಿನಾ. ಒಂದು ವಾರ ಮುಖ ಕೆಂಪಾಯಿತೋ, ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಔಷಧಿ ಇಲ್ಲದ ರಾತ್ರಿ ಫೇಸ್‌ವಾಶ್, ಮಾಯಿಶ್ಚರೈಸರ್, ನಿದ್ದೆ. ಆ ಖಾಲಿ ರಾತ್ರಿಗೆ ಇನ್ನೇನೋ ಸೀರಮ್ ತುರುಕುವ ಆಸೆ ಆಗುತ್ತದೆ, ತಡೆದುಕೊಳ್ಳಿ.

ಬೆಂಝಾಯಿಲ್ ಪೆರಾಕ್ಸೈಡ್ ಬೇರೆ ಟ್ಯೂಬಿನಲ್ಲಿದ್ದರೆ ಬೆಳಿಗ್ಗೆ ಹಚ್ಚುವುದು ಸುಲಭ. ಮೃದು ಚರ್ಮದವರು ಐದು, ಹತ್ತು ನಿಮಿಷ ಬಿಟ್ಟು ತೊಳೆದರೂ ಉಪಯೋಗ ಆಗುತ್ತದೆ. ಶೇ. 10ರದ್ದು ತಂದು ಪರಾಕ್ರಮ ತೋರಿಸಬೇಡಿ, ಉರಿ ಜಾಸ್ತಿ, ಲಾಭ ಅಷ್ಟೇ. ಒಂದು ಎಚ್ಚರಿಕೆ: ಇದು ಬಟ್ಟೆಯ ಬಣ್ಣ ತಿನ್ನುತ್ತದೆ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ. ಇಳಕಲ್ ಸೀರೆ ಉಡುವ ದಿನ ಕುತ್ತಿಗೆಗೆ ಇದನ್ನು ಹಚ್ಚಲೇಬೇಡಿ.

ಯಾವುದಕ್ಕೆ ಯಾವುದು ಕೂಡುವುದಿಲ್ಲ

ಎರಡು ತರಹದ ಜಗಳ ಇರುತ್ತದೆ. ಒಂದು, ವಸ್ತುಗಳೇ ಒಂದನ್ನೊಂದು ಕೆಡಿಸುವುದು. ಹಳೆಯ ತರಹದ ಟ್ರೆಟಿನಾಯಿನ್ ಮೇಲೆ ಬೆಂಝಾಯಿಲ್ ಪೆರಾಕ್ಸೈಡ್ ಹಚ್ಚಿದರೆ ಟ್ರೆಟಿನಾಯಿನ್ ಹಾಳಾಗುತ್ತದೆ. ಬೆಳಕಿಗೂ ಅದು ಕೆಡುತ್ತದೆ. ಅದಕ್ಕೇ ಒಂದು ಬೆಳಿಗ್ಗೆ, ಒಂದು ರಾತ್ರಿ. ಅಡಾಪಲೀನ್‌ಗೆ ಈ ತೊಂದರೆ ಇಲ್ಲ. ವಿಟಮಿನ್ ಸಿ ಮತ್ತು ಬೆಂಝಾಯಿಲ್ ಪೆರಾಕ್ಸೈಡನ್ನೂ ಒಟ್ಟಿಗೆ ಹಚ್ಚದಿರುವುದು ಒಳ್ಳೆಯದು.

ಎರಡನೆಯ ಜಗಳ ಚರ್ಮದ ಜೊತೆ. ಅಡಾಪಲೀನ್ ರಾತ್ರಿ ಸ್ಯಾಲಿಸಿಲಿಕ್, ಗ್ಲೈಕೋಲಿಕ್ ಅಂತ ಆಸಿಡ್ ಸೇರಿಸಿದರೆ ರಾಸಾಯನಿಕವಾಗಿ ಏನೂ ಆಗುವುದಿಲ್ಲ, ನಿಮ್ಮ ಮುಖ ಉರಿಯುತ್ತದೆ ಅಷ್ಟೇ. ಫೇಸ್‌ವಾಶ್‌ನಲ್ಲೂ ಸ್ಯಾಲಿಸಿಲಿಕ್, ಸೀರಮ್‌ನಲ್ಲೂ ಅದೇ, ಟೋನರ್‌ನಲ್ಲೂ ಅದೇ ಇಟ್ಟುಕೊಂಡವರನ್ನು ನೋಡಿದ್ದೇನೆ. ಡಬ್ಬಿ ಮೂರು, ಔಷಧಿ ಒಂದೇ. ಡಬ್ಬಿ ಹಿಂದಿನ ಸಣ್ಣ ಅಕ್ಷರ ಓದದೆ ಕೊಂಡರೆ ಹೀಗಾಗುತ್ತದೆ.

ಕ್ಲಿಂಡಮೈಸಿನ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಬಾರದು. ಅದು ಆಂಟಿಬಯೋಟಿಕ್, ಬ್ಯಾಕ್ಟೀರಿಯಾ ಅದಕ್ಕೆ ಪಳಗಿಬಿಡುತ್ತದೆ. ಬೆಂಝಾಯಿಲ್ ಪೆರಾಕ್ಸೈಡ್ ಜೊತೆಗಿದ್ದರೆ ಆ ಅಪಾಯ ಕಡಿಮೆ.

ಎಲ್ಲರ ಜೊತೆ ಹೊಂದಿಕೊಳ್ಳುವುದು ಅಝಿಲೇಯಿಕ್ ಆಸಿಡ್, ಶೇ. 10ರಿಂದ 20. ಮೊಡವೆ, ಕಲೆ ಎರಡಕ್ಕೂ ಆಗುತ್ತದೆ. ಮೊದಲ ಕೆಲವು ದಿನ ಚುರುಚುರು ಅನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಬಸುರಿಯರಿಗೆ ಡಾಕ್ಟರು ಸಾಮಾನ್ಯವಾಗಿ ಇದನ್ನೇ ಬರೆಯುತ್ತಾರೆ. ಅಡಾಪಲೀನ್, ಟ್ರೆಟಿನಾಯಿನ್ ಬಸುರಿಯರು ಹಚ್ಚುವಂತಿಲ್ಲ, ಮಗು ಬೇಕು ಅಂತ ಯೋಚಿಸುತ್ತಿರುವವರೂ ಮೊದಲೇ ಡಾಕ್ಟರಿಗೆ ಹೇಳಬೇಕು.

ಮದುವೆ ಸೀಸನ್‌ನಲ್ಲಿ ಇನ್ನೊಂದು ಅವಾಂತರ ನಡೆಯುತ್ತದೆ. ಅಡಾಪಲೀನ್ ಹಚ್ಚುತ್ತಲೇ ಪಾರ್ಲರಿಗೆ ಹೋಗಿ ಮೇಲ್ದುಟಿಗೆ ವ್ಯಾಕ್ಸ್ ಮಾಡಿಸಿದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರುತ್ತದೆ. ಒಂದು ವಾರ ಮುಂಚೆ ನಿಲ್ಲಿಸಿ. ಬ್ಲೀಚ್‌ಗೂ ಅಷ್ಟೇ. ಗಂಡಸರು ಶೇವ್ ಮಾಡಿದ ಕೂಡಲೇ ಯಾವ ಆಸಿಡನ್ನೂ ಹಚ್ಚಬೇಡಿ, ಬೆಳಿಗ್ಗೆ ಶೇವ್, ರಾತ್ರಿ ಔಷಧಿ.

ಹಚ್ಚಿದ್ದು ಸುರುಳಿ ಸುರುಳಿಯಾಗಿ ಬಂದರೆ

ಸನ್‌ಸ್ಕ್ರೀನ್ ತೀಡುವಾಗ ರಬ್ಬರಿನ ಪುಡಿಯಂತೆ ಕಿತ್ತು ಬರುತ್ತದೆ ಅಲ್ವಾ? ಕೆಳಗಿನ ಪದರ ಆರಿಲ್ಲ, ಇಲ್ಲವೇ ಜಾಸ್ತಿಯಾಗಿದೆ. ಸೀರಮ್ ಎರಡು ಹನಿಗೆ ಇಳಿಸಿ. ತಿಕ್ಕದೆ ಒತ್ತಿ ಹಚ್ಚಿ. ಆಗಲೂ ಬಂದರೆ ಆ ಎರಡು ವಸ್ತುಗಳಿಗೆ ಹೊಂದಾಣಿಕೆ ಇಲ್ಲ, ಸೀರಮ್ ರಾತ್ರಿಗೆ ಕಳಿಸಿ.

ಹೊಸದು ತಂದಾಗ, ಕಾಲ ಬದಲಾದಾಗ

ಹೊಸ ವಸ್ತುವನ್ನು ಮೂರು ದಿನ ಕಿವಿಯ ಹಿಂದೆ ಅಥವಾ ದವಡೆಯ ಅಂಚಿಗೆ ಹಚ್ಚಿ ನೋಡಿ. ಒಂದು ಶುರು ಮಾಡಿ ಎರಡು ವಾರ ಕಳೆದ ಮೇಲೆ ಇನ್ನೊಂದು. ಎರಡನ್ನೂ ಒಂದೇ ದಿನ ಶುರು ಮಾಡಿದರೆ ಮುಖ ಕೆರಳಿದಾಗ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ.

ಟ್ಯೂಬಿನ ಮೇಲೆ 25 ಅಥವಾ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತದೆ. ಮೇ ತಿಂಗಳ ಮಾಳಿಗೆ ಕೋಣೆಯಲ್ಲಿ ಅದು ಸಾಧ್ಯವೇ ಇಲ್ಲ. ಕಿಟಕಿ ಪಕ್ಕ, ಸ್ಕೂಟಿ ಡಿಕ್ಕಿ, ಬಚ್ಚಲು ಮೂರೂ ಬೇಡ. ಕೆಳಗಿನ ಮನೆಯ ಒಳಕೋಣೆಯ ಕಪಾಟು, ಇಲ್ಲವೇ ಫ್ರಿಜ್ಜಿನ ಬಾಗಿಲು. ಐಸ್ ಕಟ್ಟುವ ಕಡೆ ಇಡಬೇಡಿ.

ಮಳೆಗಾಲದಲ್ಲಿ ಗಾಳಿ ತೇವ ಇರುತ್ತದೆ, ಮಾಯಿಶ್ಚರೈಸರ್ ಇನ್ನೂ ತೆಳ್ಳಗಾಗಲಿ. ಆ ದಿನಗಳಲ್ಲಿ ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆ ಎದ್ದು ತುರಿಸಿದರೆ ಅದು ಬೂಸಿನ (ಫಂಗಸ್) ಸೋಂಕು ಇರಬಹುದು. ಮೊಡವೆ ಔಷಧಿಗೆ ಅದು ಜಗ್ಗುವುದಿಲ್ಲ, ಔಷಧಿಯೇ ಬೇರೆ. ಡಿಸೆಂಬರ್ ಚಳಿಗೆ, ಬೀದರಿನವರಿಗಂತೂ, ಎಣ್ಣೆ ಮುಖವೂ ಒಡೆಯುತ್ತದೆ. ಆಗ ಅಡಾಪಲೀನ್ ಒಂದು ರಾತ್ರಿ ಕಡಿಮೆ ಮಾಡಿ, ಜೆಲ್ ಬದಲು ತೆಳು ಕ್ರೀಮ್ ಹಚ್ಚಿ.

ಎಷ್ಟು ದಿನ ಕಾಯಬೇಕು

ಅಡಾಪಲೀನ್ ಶುರು ಮಾಡಿದ ಮೊದಲ ತಿಂಗಳು ಮೊಡವೆ ಜಾಸ್ತಿ ಆದಂತೆ ಕಾಣಬಹುದು. ಒಳಗಿದ್ದದ್ದು ಬೇಗ ಹೊರಬರುತ್ತದೆ. ನಿಮಗೆ ಯಾವಾಗಲೂ ಏಳುವ ಜಾಗದಲ್ಲೇ ಎದ್ದು, ನಾಲ್ಕರಿಂದ ಆರು ವಾರದಲ್ಲಿ ತಗ್ಗಿದರೆ ಹೆದರಬೇಡಿ. ಹೊಸ ಜಾಗದಲ್ಲಿ ಎದ್ದರೆ, ತುರಿಕೆ, ಊತ ಬಂದರೆ ಅದು ನಿಮಗೆ ಒಗ್ಗಿಲ್ಲ, ನಿಲ್ಲಿಸಿ. ನಿಜವಾದ ಫರಕು ಕಾಣಲು 8ರಿಂದ 12 ವಾರ ಬೇಕು. ಕಲೆ ಹೋಗಲು ಇನ್ನೂ ಜಾಸ್ತಿ. ಮೊಡವೆ ಹೋದ ಮೇಲೂ ಔಷಧಿ ವಾರಕ್ಕೆ ಎರಡು, ಮೂರು ರಾತ್ರಿ ಮುಂದುವರಿಯಲಿ, ಇಲ್ಲದಿದ್ದರೆ ಮತ್ತೆ ಬರುತ್ತದೆ.

ಡಾಕ್ಟರ ಹತ್ತಿರ ಯಾವಾಗ

ಗಂಟು ಗಂಟಾಗಿ ನೋಯುವ ಮೊಡವೆ, ಕುಳಿ ಬೀಳುತ್ತಿರುವುದು, ಮೂರು ತಿಂಗಳು ಕ್ರಮವಾಗಿ ಹಚ್ಚಿದರೂ ಏನೂ ಆಗದಿರುವುದು: ಇವಕ್ಕೆ ಮನೆಯಲ್ಲಿ ಕೂತು ಪದರ ಹೆಚ್ಚಿಸಬೇಡಿ. ಹುಡುಗಿಯರಿಗೆ ಗದ್ದ, ದವಡೆಯ ಮೇಲೆ ಮೊಡವೆ ಏಳುತ್ತಿದ್ದು, ಮುಟ್ಟು ಏರುಪೇರಾಗಿ, ಮುಖದ ಮೇಲೆ ಕೂದಲೂ ಬರುತ್ತಿದ್ದರೆ ಪಿಸಿಓಎಸ್ (ಹಾರ್ಮೋನು ಏರುಪೇರಿನ ತೊಂದರೆ) ಪರೀಕ್ಷೆ ಮಾಡಿಸಬೇಕು. ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಗೆಳತಿ ತಗೊಂಡಳು ಅಂತ ನೀವೂ ನುಂಗಬೇಡಿ. ಬಸುರಿಯಲ್ಲಿ ಅದು ಮಗುವಿಗೆ ದೊಡ್ಡ ಊನ ತರುತ್ತದೆ, ರಕ್ತಪರೀಕ್ಷೆ ಮಾಡಿಸಿಕೊಂಡೇ ತಗೊಳ್ಳುವ ಮಾತ್ರೆ ಅದು.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎರಡೂ ಸರ್ಕಾರಿ ಮೆಡಿಕಲ್ ಕಾಲೇಜು, ಚರ್ಮರೋಗ ವಿಭಾಗ ಅಲ್ಲೇ ಇದೆ. ಹೋಗುವ ದಿನ ಮುಖಕ್ಕೆ ಏನೂ ಬಳಿಯಬೇಡಿ. ಇದುವರೆಗೆ ಹಚ್ಚಿದ ಟ್ಯೂಬು, ಡಬ್ಬಿ, ತಲೆಗೆ ಹಾಕುವ ಎಣ್ಣೆಯ ಬಾಟಲಿ ಸಮೇತ ಒಂದು ಕೈಚೀಲದಲ್ಲಿ ತುಂಬಿಕೊಂಡು ಹೋಗಿ. ಹೆಸರು ನೆನಪಿಲ್ಲ ಅಂದರೆ ಡಾಕ್ಟರಿಗೂ ಊಹೆ ಮಾಡುವುದಷ್ಟೇ ಉಳಿಯುತ್ತದೆ.